ಚಳಕು ಅಲ್ಲ ಅಪ್ಪಾ ಅದು

ಅಪ್ಪಾ,

ನಾನು, ನಿನ್ನ ನೀಲಾ. ಅಕ್ಷರ ಸೊಟ್ಟಗಾದರೆ ಬೈಯಬೇಡ.

ಮೊನ್ನೆ ಮುಂಜಾನೆ ತಮ್ಮ ಬಸು ಯಳವತ್ತಿಯಿಂದ ಎದೆ ಹಿಡಿದುಕೊಂಡೇ ಮುಳಗುಂದಕ್ಕೆ, ನಮ್ಮ ಮನೆಗೆ ಬಂದ. ನಿನ್ನಂತೆಯೇ ಉದ್ದ, ನಿನ್ನಂತೆಯೇ ಸಣಕಲು, ಬೀಡಿಯ ಚಟವೂ ನಿನ್ನದೇ. "ಅಕ್ಕಾ, ಕೆಮ್ಮಿದ್ದ ತಡ, ಬಲಕ್ಕ ಚುಚ್ಚಿದಂಗಾತು. ಚಳಕು ಹಿಡದೈತಿ, ಜಲ್ದಿ ಕಾಲು ತಾಗಸು" ಅಂದವನೇ ಪಡಸಾಲೆಯಲ್ಲಿ ಬೋರಲು ಮಲಗಿದ.

ನೆನಪಿದೆಯಾ, ಕಾಲು ಮುಂದಾಗಿ ಹುಟ್ಟಿದವಳೆಂದು ನನ್ನನ್ನು ಬೆನ್ನು, ಪಕ್ಕೆ ಹಿಡಿದುಕೊಂಡು ಬಂದ ಓಣಿಯವರ ಬೆನ್ನ ಮೇಲೆಲ್ಲ ನಿಲ್ಲಿಸುತ್ತಿದ್ದೆಯಲ್ಲ? "ನಮ್ಮ ನೀಲವ್ವನ ಕಾಲು ತಾಗಿದ್ರ ಚಳಕು ನಿಲ್ಲಂಗಿಲ್ಲ ನೋಡ್ರಿ" ಎಂಬ ನಿನ್ನ ಜಂಬ ಬೇರೆ. ಅದೇ ರೂಢಿಯಲ್ಲಿ ಕಾಲೆತ್ತಿದೆ. ಆಗ ಕಣ್ಣಿಗೆ ಬಿತ್ತು. ಅವನ ಬೆನ್ನಿನ ಎಡಬದಿ ಏರಿಳಿಯುತ್ತಿತ್ತು, ಬಲಬದಿ ಸುಮ್ಮನಿತ್ತು. ತುಟಿ ಕಪ್ಪಿಟ್ಟಿತ್ತು. "ಏಳೋ, ಇದು ನನ್ನ ಕಾಲಿಗೆ ಹೋಗೂದಲ್ಲ" ಅಂದೆ. ಬೈದ. ಬೈಯಲಿ ಬಿಡು ಅಂತ ಆಂಬ್ಯುಲೆನ್ಸ್ ಕರೆಸಿದೆ.

ಗದಗಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿ ಎಕ್ಸ್‌ರೇ ತೆಗೆದರು. ಬಲಗಡೆಯ ಶ್ವಾಸಕೋಶ ತೂತಾಗಿ, ಎದೆಯೊಳಗೆ ಗಾಳಿ ತುಂಬಿ, ಅದು ಕುಸಿದಿತ್ತಂತೆ. ಪಕ್ಕೆಲುಬಿನ ನಡುವೆ ನಳಿಗೆ ಹಾಕಿ ನೀರಿನ ಬಾಟಲಿಗೆ ಜೋಡಿಸಿದರು. ಗುಳ್ಳೆ ಏಳುತ್ತ ಏಳುತ್ತ ಅವನ ಮುಖಕ್ಕೆ ಕಳೆ ಬಂತು. ಆಮೇಲೆ ಡಾಕ್ಟರಮ್ಮ ಕೇಳಿದರು, "ನಿಮ್ಮ ಮನ್ಯಾಗ ಮತ್ಯಾರಿಗರೆ ಹಿಂಗ ಆಗಿತ್ತೇನ್ರಿ?"

ನಮ್ಮನ್ನು ಬಿಟ್ಟು ಹೋದ ಆ ದಿನ ನೀನೂ ಬಲಗಡೆಯನ್ನೇ ಹಿಡಿದುಕೊಂಡು ಕೂತಿದ್ದೆಯಂತೆ. ಅವ್ವ "ದವಾಖಾನಿಗೆ ಹೋಗೂಣು ಬರ್ರಿ" ಅಂದರೆ "ತಡಿ, ನೀಲವ್ವ ಬರ್ಲಿ" ಅಂದೆಯಂತೆ. ನಾನು ಬಸ್ಸಿನಲ್ಲಿದ್ದೆ. ಹೊಸ್ತಿಲು ಮುಟ್ಟುವಷ್ಟರಲ್ಲಿ... ಎಲ್ಲರೂ ಹಾರ್ಟು ಅಂದರು. ಇದನ್ನೆಲ್ಲ ಹೇಳಿದಾಗ ಡಾಕ್ಟರಮ್ಮ "ಅವರದೂ ಇದೇ ಇದ್ದಿರಬಹುದು" ಅಂದರು. ಬೇಗ ಬಂದಿದ್ದರೆ ಉಳಿಸುತ್ತಿದ್ದೆ ಅಂತ ಇಷ್ಟು ವರ್ಷ ಅತ್ತೆನಲ್ಲ, ಬೇಗ ಬಂದಿದ್ದರೆ ನಿನ್ನ ಬೆನ್ನ ಮೇಲೆ ನಿಲ್ಲುತ್ತಿದ್ದೆ ಅಷ್ಟೇ. ಯಾಕೆ ಕಾದೆ ಅಪ್ಪಾ? ನನಗಾಗಿ ಯಾಕೆ ಕಾದೆ?

ಇನ್ನು ಎದೆ ಚುಚ್ಚುತ್ತದೆ ಅಂತ ಯಾರೇ ಬರಲಿ, ಕಾಲು ಎತ್ತುವುದಿಲ್ಲ, ದವಾಖಾನೆಗೆ ಕಳಿಸುತ್ತೇನೆ. ಬಸು ಬೀಡಿ ಬಿಡುತ್ತೇನೆ ಅಂದಿದ್ದಾನೆ. ಇವತ್ತು ಅವನನ್ನು ಕೂರಿಸಿ, ಬೆನ್ನ ಮೇಲೆ ಎರಡೂ ಅಂಗೈ ಇಟ್ಟೆ. ಉದ್ದಕ್ಕೆ ಉಸಿರೆಳೆದ. ಎರಡೂ ಬದಿ ಎದ್ದವು, ಅಪ್ಪಾ.

ನಿನ್ನ
ನೀಲಾ