ಸೀಳದ ಹಾಳೆ

ಖಡಕಿ, ಪುಣೆ,
೧೭ ನವೆಂಬರ್ ೧೯೪೬

ಶ್ರೀ ಮಾರ್ತಾಂಡರಾಯರಿಗೆ,

ಗಂಡನ ಹೆಸರನ್ನು ಕಾಗದದ ಮೇಲೆ ಬರೆದದ್ದು ಇದೇ ಮೊದಲು. ಇಪ್ಪತ್ತೈದು ವರ್ಷಗಳಲ್ಲಿ ನಾನು ನಿಮಗೆ ಬರೆದ ಪತ್ರಗಳೆಲ್ಲ ಹೆಸರಿಲ್ಲದೆ ಶುರುವಾಗುತ್ತಿದ್ದವು. ಎಂ.ಎ. ಮಾಡಿದ ಹೆಂಗಸಾದರೂ ಆ ಒಂದು ಅಂಜಿಕೆ ಹೋಗಿರಲಿಲ್ಲ. ಈಗ ಬರೆದೆ. ಏನೂ ಆಗಲಿಲ್ಲ. ಮಸಿ ಒಂದು ಕಡೆ ಸ್ವಲ್ಪ ಹರಡಿತು, ಅಷ್ಟೇ.

ನಿಮ್ಮ ಪತ್ರ ತಲುಪಿತು. ನಾನು ಮನೆ ಬಿಟ್ಟ ಆರು ವರ್ಷಗಳಲ್ಲಿ ಇದು ಎರಡನೆಯದು. ನನ್ನ ಕವಿತೆಯ ಪುಸ್ತಕದ ಇಪ್ಪತ್ತೈದೂ ಪ್ರತಿಗಳನ್ನು ಒಟ್ಟಿಗೆ ಕೊಳ್ಳಲು ಮುಂಬಯಿಯ ಸಂಗ್ರಾಹಕರೊಬ್ಬರು ಶನಿವಾರ ಬರುತ್ತಾರಂತೆ. ಇಪ್ಪತ್ನಾಲ್ಕು ನಿಮ್ಮ ಗಾಜಿನ ಬೀರುವಿನಲ್ಲಿವೆ. ನಾನು ಹೊರಡುವಾಗ ತಂದ ಒಂದನೆಯ ಪ್ರತಿಯನ್ನು ಕಳಿಸಬೇಕು. ಚಿತ್ರಗಳನ್ನು ಮರದಲ್ಲಿ ಕೆತ್ತಿದ ದಿಗಂಬರ ತೀರಿಕೊಂಡ ಮೇಲೆ ಅವನ ಕೆಲಸಕ್ಕೆ ದೊಡ್ಡ ಹೆಸರು ಬಂದಿದೆಯಂತೆ. ಬರುವವರಿಗೆ ಕನ್ನಡ ಬಾರದು, ಆದರೂ ಅಡ್ಡಿಯಿಲ್ಲವಂತೆ. ಹಾಳೆ ಸೀಳಿಲ್ಲ ತಾನೇ ಎಂದು ಎರಡು ಸಲ ಕೇಳಿದ್ದೀರಿ, ಎರಡನೆಯ ಸಲ ಕೆಳಗೆ ಗೆರೆ ಎಳೆದು. ನಾನು ಹೇಗಿದ್ದೇನೆ ಎಂದು ಒಂದೇ ಸಲ ಕೇಳಿದ್ದೀರಿ, ಗೆರೆಯಿಲ್ಲದೆ.

ಚೆನ್ನಾಗಿದ್ದೇನೆ. ಇಲ್ಲಿ ಫೌಜಿನವರ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತೇನೆ. ನಮ್ಮ ಮನೆಯ ಕೆಲಸದ ಕಾಶವ್ವ ನನ್ನ ಜೊತೆಗೇ ಬಂದವಳು ಇನ್ನೂ ಇದ್ದಾಳೆ, ಈಗ ಅವಳಿಗೆ ಕಿವಿ ಮಂದ. ಶಾಲೆಗೆ ಹೋಗುವ ದಾರಿಯಲ್ಲಿ ಆ ಬಂಗಲೆ ಸಿಗುತ್ತದೆ. ಹದಿನೈದು ವರ್ಷಗಳ ಹಿಂದೆ ವಿಲಾಯತಿಗೆ ಹೊರಟ ಕರ್ನಲ್ ತನ್ನ ಪುಸ್ತಕಗಳನ್ನೆಲ್ಲ ಹರಾಜಿಗಿಟ್ಟ ಬಂಗಲೆ. ಈಗ ಅಲ್ಲಿ ಬೇರೆ ಸಾಹೇಬ, ಅವನೂ ಪೆಟ್ಟಿಗೆ ಕಟ್ಟಿಸುತ್ತಿದ್ದಾನೆ. ದಿನಾ ಎರಡು ಸಲ ಅದರ ಮುಂದೆ ನಡೆಯುತ್ತೇನೆ. ಬೇರೆ ದಾರಿಯಿದೆ. ಅದನ್ನು ಹಿಡಿಯುವುದಿಲ್ಲ.

ಹರಾಜಿನ ಆ ದಿನ ನಮ್ಮ ಅಪ್ಪಿಗೆ ಐದು ವರ್ಷ ತುಂಬಿ ಎರಡು ತಿಂಗಳು. ಜ್ವರ ಬಂದು ಮೂರನೆಯ ದಿನ, ಗಂಟಲು ಕಟ್ಟಿತ್ತು. ನಿಮ್ಮ ಮನಸ್ಸೆಲ್ಲ ಕರ್ನಲ್‌ನ ಹಕ್ಕಿಗಳ ಪುಸ್ತಕದ ಮೇಲೆ. ಮೊದಲ ಮುದ್ರಣ, ಪ್ರತಿ ಚಿತ್ರಕ್ಕೂ ಕೈಯಿಂದ ಹಚ್ಚಿದ ಬಣ್ಣ. “ಮಧ್ಯಾಹ್ನದೊಳಗ ಬಂದಬಿಡತೇನಿ, ನೀ ಹೆದರಬ್ಯಾಡ” ಎಂದು ಟಾಂಗಾ ಹತ್ತಿದಿರಿ. ಹಕ್ಕಿಗಳ ಸರದಿ ಕಡೆಗೆ ಬಂತಂತೆ. ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆ ಹೊರಿಸಿಕೊಂಡು ನೀವು ಬಂದಾಗ ಅಪ್ಪಿ ಹೋಗಿ ಮೂರು ತಾಸಾಗಿತ್ತು.

ನೀವು ಅತ್ತಿರಿ. ಅದನ್ನು ನಾನು ಮರೆತಿಲ್ಲ. ಕೆಲವು ದಿನಗಳಾದ ಮೇಲೆ ಬಾಗಿಲ ಹತ್ತಿರ ನಿಂತು, “ಕಡೀಕ ಏನರೆ ಅಂದ್ಲೇನು?” ಎಂದು ಕೇಳಿದಿರಿ. “ಏನೂ ಅನ್ನಲಿಲ್ರಿ” ಎಂದೆ. ನೀವು ತಲೆಯಾಡಿಸಿ ಬೀರುವಿನ ಕಡೆ ಹೋದಿರಿ.

ಆಮೇಲೆ ನಾನು ಬರೆಯತೊಡಗಿದೆ. ಒಂದೂವರೆ ವರ್ಷ ಅವಳೊಬ್ಬಳನ್ನೇ ಬರೆದೆ. ಅದನ್ನು ಪುಸ್ತಕ ಮಾಡಿಸೋಣ ಎಂದವರು ನೀವೇ, ಇಲ್ಲವೆನ್ನಲಾರೆ. ಕೈಕಾಗದ ತರಿಸಿದಿರಿ. ಧಾರವಾಡದಿಂದ ಹೊಸ ಅಚ್ಚುಮೊಳೆ ತರಿಸಿದಿರಿ. ದಿಗಂಬರನಿಗೆ ಅಪ್ಪಿಯ ಗೆಜ್ಜೆ, ಕುಲಾವಿ ತೋರಿಸಿ ಚಿತ್ರ ಮಾಡಿಸಿದಿರಿ. ಮಸಿಯ ಕಪ್ಪು ಸರಿ ಬರಲಿಲ್ಲವೆಂದು ಒಂದು ದಿನದ ಕೆಲಸವನ್ನೇ ಕೆಡಿಸಿ ಮತ್ತೆ ಮಾಡಿಸಿದಿರಿ. ಇಷ್ಟೆಲ್ಲ ಪ್ರೀತಿ ಅಪ್ಪಿಯ ಮೇಲಿನದು ಎಂದುಕೊಂಡೆ. ಕವಿತೆ ಓದಿ ಎಂದರೆ, “ಪುಸ್ತಕ ಆಗಲಿ, ಆಮ್ಯಾಲೆ ಸಾವಕಾಶ ಓದತೇನಿ” ಎಂದಿರಿ.

ಮೊಳೆ ಜೋಡಿಸಿದ ಈರಣ್ಣ ಗದಗಿನ ಕಡೆಯವನು, ಬುಧವಾರ ಪೇಠೆಯ ಆ ಸಣ್ಣ ಮುದ್ರಣಾಲಯದಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ. ನಾನು ಕರಡು ತಿದ್ದಲು ಹೋದಾಗ ಒಂದು ಹಾಳೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ. “ಅಕ್ಕಾರ, ಇದನ್ನ ಮೂರ ಸಲ ತಪ್ಪ ಜೋಡಿಸೀನ್ರಿ. ಕಣ್ಣ ಕಾಣವಲ್ಲವು. ರಾಯರು ಓದ್ಯಾರೇನ್ರಿ ಇದನ್ನ?” ಎಂದ. “ಓದತಾರ” ಎಂದೆ. ನನಗೆ ದೊರೆತ ಓದುಗ ಅವನೊಬ್ಬನೇ.

ಇಪ್ಪತ್ತೈದು ಪ್ರತಿಯಾದ ಕೂಡಲೇ ಮೊಳೆ ಕಳಚಿಸಿದಿರಿ. ಕರಡುಗಳನ್ನೂ ನನ್ನ ಕೈಬರಹವನ್ನೂ ಅಲ್ಲೇ ಸುಡಿಸಿದಿರಿ, ಬೇರೆ ಯಾವ ರೂಪವೂ ಉಳಿಯಬಾರದೆಂದು. ಧಾರವಾಡದ ಗೆಳತಿ ಶಿವಗಂಗವ್ವನಿಗೆ ಒಂದಾದರೂ ಕಳಿಸುತ್ತೇನೆ ಎಂದು ಕೇಳಿದೆ. “ಒಂದು ಕೊಟ್ಟರ ಸೆಟ್ ಒಡೀತದ. ಬೇಕಾದರ ಆಕಿನ್ನ ಇಲ್ಲಿಗೇ ಕರಸು, ಗಾಜಿನಾಗಿಂದ ನೋಡಲಿ” ಎಂದಿರಿ. ನಗೆಯಾಡಿದ್ದು ಎಂದುಕೊಂಡೆ. ನೀವು ನಗಲಿಲ್ಲ.

ಬೀರು ಒರೆಸುತ್ತಿದ್ದ ಕಾಶವ್ವ ಒಂದು ಪ್ರತಿಯನ್ನು ಬಿಡಿಸಲು ನೋಡಿ, “ಅವ್ವಾ, ಈ ಪುಸ್ತಕಕ್ಕ ಬಾಯಿ ಹೊಲದಾರೇನ್ರಿ?” ಎಂದು ಕೇಳಿದ್ದು ನೆನಪಿದೆಯೆ? ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿ, ಮಡಿಚಿ ಮಡಿಚಿ ಹೊಲೆಯುತ್ತಾರೆ, ಅಂಚು ಕೂಡಿಕೊಂಡೇ ಇರುತ್ತದೆ, ಓದುವವನು ಚಾಕುವಿನಿಂದ ಸೀಳಿಕೊಳ್ಳಬೇಕು ಎಂದು ಅವಳಿಗೆ ಹೇಳಿದೆ. ಸೀಳದೆ ಉಳಿದದ್ದಕ್ಕೇ ಸಂಗ್ರಾಹಕರಲ್ಲಿ ಮಾನ ಹೆಚ್ಚು ಎಂದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಅಯ್ಯ ನಮ್ಮವ್ವ, ಉಣ್ಣದ ಅನ್ನಕ್ಕ ಎಂಥಾ ಮಾನರೀ!”

ನಾನು ಕಾದೆ. ಅವಳಂತೆ ನಗಲು ನನಗೆ ಬರಲಿಲ್ಲ. ಒಂದನೆಯ ಪ್ರತಿಯ ಮೊದಲ ಪುಟದಲ್ಲಿ ನಿಮ್ಮ ಹೆಸರು ಬರೆಯಲಾರದೆ “ಅಪ್ಪಿಯ ತಂದೆಗೆ” ಎಂದು ಬರೆದು ಕೊಟ್ಟಿದ್ದೆ. ನೀವು ಮಸಿ ಒಣಗಿದೆಯೇ ಎಂದು ನೋಡಿ ಒಳಗಿಟ್ಟಿರಿ. ನಿಮ್ಮ ಸ್ನೇಹಿತ ಅಪ್ಪಾಸಾಹೇಬರು ಬಂದಾಗ ಬೆಳಕಿಗೆ ಹಿಡಿದು ತೋರಿಸಿದಿರಿ. “ವಾ! ಅಗದೀ ಕೋರಾ!” ಎಂದರು ಅವರು, ಮಡಿಕೆ ಬಿಚ್ಚದ ಸೀರೆಯನ್ನು ಮೆಚ್ಚುವಂತೆ. ನೀವು ಎದೆಯುಬ್ಬಿಸಿ, ಯಾರೂ ಮುಟ್ಟಿಲ್ಲ, ನಾನೂ ಮುಟ್ಟಿಲ್ಲ ಎಂದಿರಿ. ಒಳಗೆ ಚಹಾ ಸೋಸುತ್ತಿದ್ದ ನನಗೆ ಅದು ಕೇಳಿಸಿತು.

ಮಡಿಕೆಯನ್ನು ಸ್ವಲ್ಪ ಅಗಲಿಸಿ ಇಣುಕಿದರೂ ಕೆಲವು ಸಾಲು ಓದಬಹುದಿತ್ತು. ಮಳೆಗಾಲದಲ್ಲಿ ನೀವು ಹಾಗೆ ಇಣುಕಿದ್ದನ್ನು ನೋಡಿದ್ದೇನೆ. ಹುಳ ಬಿದ್ದಿದೆಯೇ ಎಂದು. ಹುಳವನ್ನಷ್ಟೇ ಹುಡುಕಿದಿರಿ.

ಏಳು ವರ್ಷ ಕಾದ ಮೇಲೆ ಒಂದು ದಿನ ಬೀರು ತೆರೆದು ಒಂದನೆಯ ಪ್ರತಿಯನ್ನು ತೆಗೆದೆ. ಮದುವೆಯ ವರ್ಷ ನಾನು ನಿಮಗೆ ಕೊಟ್ಟ ದಂತದ ಚಾಕು ಅಲ್ಲೇ ಇತ್ತು. ಮೊದಲ ಮಡಿಕೆಗೆ ಅದನ್ನು ತಾಗಿಸುವಷ್ಟರಲ್ಲಿ ನೀವು ನನ್ನ ಮಣಿಕಟ್ಟು ಹಿಡಿದಿರಿ. “ಹುಚ್ಚಿ, ಸೀಳಿದರ ಮುಗೀತು. ಏನ ಉಳೀತದ ಅದರಾಗ?”

ಬಳೆ ಒಡೆದು ಚರ್ಮಕ್ಕೆ ತಾಗಿತ್ತು. ನೀವು ಮೊದಲು ನೋಡಿದ್ದು ಪುಸ್ತಕಕ್ಕೆ ರಕ್ತ ಹತ್ತಿದೆಯೇ ಎಂದು. ಮುಂದಿನ ವಾರ ನಾನು ಹೊರಟೆ. ಆ ಪ್ರತಿಯನ್ನು ಸೀರೆಗಳ ನಡುವೆ ಇಟ್ಟುಕೊಂಡೆ. ನಾನು ಬಿಟ್ಟುಹೋದದ್ದು ಯಾಕೆಂದು ನೀವು ನಿಮ್ಮ ಅಣ್ಣನಿಗೆ ಹೇಳಿದ್ದು ಗೊತ್ತಾಯಿತು: ಓದಿದ ಹೆಣ್ಣು, ತಲೆ ತಿರುಗಿದೆ. ಇರಬಹುದು. ಓದಿದ ಹೆಣ್ಣೇ ಓದಿಸಿಕೊಳ್ಳಲು ಆಸೆಪಟ್ಟಳು.

ಪುಸ್ತಕವನ್ನು ನಾಳೆ ಕಾಶವ್ವನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೆದರಬೇಡಿ. ಸೀಳಿಲ್ಲ. ನನಗೆ ಎಲ್ಲವೂ ಬಾಯಿಗೆ ಬರುತ್ತದೆ, ಸೀಳುವ ಅಗತ್ಯ ಬೀಳಲಿಲ್ಲ. ಸೀಳಬೇಕಾದ ಕೈಯೂ ನನ್ನದಲ್ಲ. ಬಂದ ಹಣದಲ್ಲಿ ನನ್ನ ಪಾಲು ಕೊಡುವುದಾಗಿ ಬರೆದಿದ್ದೀರಿ. ಬೇಡ. ಕಾಶವ್ವನಿಗೆ ಚಹಾ ಕೊಡಿ, ಬಿಸಿಲಲ್ಲಿ ಬರುತ್ತಾಳೆ.

ಇಂತು,
ಅಪ್ಪಿಯ ತಾಯಿ,
ಭಾಮಾ

ತಾ. ಕ.: ಏನೂ ಅನ್ನಲಿಲ್ಲ ಎಂದು ಅಂದು ನಾನು ಹೇಳಿದ್ದು ಸುಳ್ಳು. ಅಪ್ಪಿ ಅಂದಳು. ಅದನ್ನು ನಿಮಗೇ ಹೇಳಬೇಕೆಂದೂ ಅಂದಳು. ನೀವು ಹಕ್ಕಿಗಳ ಪೆಟ್ಟಿಗೆಯೊಡನೆ ಬಂದ ಸಿಟ್ಟಿಗೆ ನಾನು ಅದನ್ನು ನಿಮಗೆ ಕೊಡಲಿಲ್ಲ. ಸಿಟ್ಟು ಇಳಿದ ಮೇಲೆ ಬಾಯಿಂದ ಹೊರಡಲಿಲ್ಲ. ಅದಕ್ಕೇ ಬರೆದೆ, ಅವಳು ಅಂದ ಹಾಗೆಯೇ, ಒಂದು ಮಾತೂ ಸೇರಿಸದೆ. ಈರಣ್ಣ ಮೂರು ಸಲ ತಪ್ಪಿದ ಹಾಳೆ ಅದು. ಇಪ್ಪತ್ತೆರಡನೆಯ ಪುಟ, ಇಪ್ಪತ್ತೈದು ಪ್ರತಿಗಳಲ್ಲೂ ಇದೆ, ಎಲ್ಲದರಲ್ಲೂ ಮಡಿಕೆಯ ಒಳಗೆ. ಮುಂಬಯಿಯವರು ಬರುವುದು ಶನಿವಾರ. ದಂತದ ಚಾಕು ಬೀರುವಿನ ಎರಡನೆಯ ಅರೆಯಲ್ಲಿದೆ.