ಪಾಸ್‌ವರ್ಡಿನ ನಿನ್ನ ಅರ್ಧ

ಮಾರ್ಚ್ ೧೪, ಶುಕ್ರವಾರ
ಅಡುಗೆಮನೆಯ ಮೇಜಿನಿಂದ

ನಾಳೆಯ ಬೇಕರಿ ಯಜಮಾನತಿಗೆ, ಇವತ್ತಿನ ಲಿಫ್ಟ್ ಮೆಕ್ಯಾನಿಕ್ ಗಂಡನ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಹಾಲು ಉಕ್ಕಿಸುವುದು ಈಗ ವಾರಕ್ಕೆ ಎರಡೇ ಸಲ. ನಿನ್ನ ಕೇಕ್ ತರಬೇತಿ ಹೇಗೆ ನಡೆದಿದೆ? ಫೋನಿನಲ್ಲಿ ಮಾರುಕಟ್ಟೆ ಮಾತು ಎತ್ತಿದರೆ ಲೈನ್ ಕಟ್ ಅಂತ ಹೊರಡುವಾಗ ಕಾನೂನು ಮಾಡಿದೆಯಲ್ಲ, ಕಾಗದದಲ್ಲಿ ಎತ್ತಬಾರದು ಅಂತ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಈಗ ಕಟ್ ಮಾಡು ನೋಡೋಣ!

ಮಾರುಕಟ್ಟೆ ಬಿದ್ದಿದೆ ಅಂತ ನಿನಗೂ ಗೊತ್ತಿರುತ್ತದೆ. ನಿನ್ನ ಬೇಕರಿಗೆಂದು ಆರು ವರ್ಷದಿಂದ ತಿಂಗಳು ತಿಂಗಳೂ ಮ್ಯೂಚುಯಲ್ ಫಂಡಿಗೆ ಹಾಕಿಕೊಂಡು ಬಂದದ್ದರಲ್ಲಿ ಐದರಲ್ಲೊಂದು ಪಾಲು ಕರಗಿಹೋಗಿದೆ. ದಿನವಿಡೀ ಲಿಫ್ಟುಗಳನ್ನು ಮೇಲೆ ಕೆಳಗೆ ಓಡಿಸುವವನಿಗೆ ಈ ಏರಿಳಿತ ಕಂಡರೆ ಎದೆ ಢವಢವ. ನಗಬೇಡ ಕಣೇ. ನೀನು ನನ್ನನ್ನು ಸುಮ್ಮಸುಮ್ಮನೆ ಪುಕ್ಕಲ ಅಂತ ಕರೆಯುತ್ತೀಯಾ? ಬೇಕರಿಗೆಂದು ನೀನು ಕಣ್ಣಿಟ್ಟಿರುವ ಮೂಲೆಯ ಆ ಮಳಿಗೆಯ ಮುಂದೆ ಹೋಗುವಾಗೆಲ್ಲ, ಗಾಜಿನ ಕಪಾಟು ಇಲ್ಲೇ ಇಡೋದು ಅಂತ ನೀನು ಬೆರಳು ತೋರಿಸಿದ್ದು ನೆನಪಾಗಿ, ಮುಖ ತಿರುಗಿಸಿಕೊಂಡು ಬೇಗಬೇಗ ದಾಟಿಬಿಡುತ್ತಿದ್ದೆ.

ಸಾಲದ್ದಕ್ಕೆ ನಿನ್ನ ಅಣ್ಣ ಬಂದರು. ಭಾವ ತಮ್ಮದನ್ನೆಲ್ಲ ಮಾರಿ ಕೈತೊಳೆದುಕೊಂಡರಂತೆ, ಉಳಿದದ್ದರಲ್ಲಿ ಗೋಡೆಯಗಲದ ಟಿವಿ ತಂದರಂತೆ. ನೀನೂ ಮಾರಿಬಿಡು ಮಹರಾಯ, ಇದ್ದದ್ದಾದರೂ ಉಳಿಯಲಿ ಅಂದರು. ಹತ್ತು ವರ್ಷ ಮುಟ್ಟುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ, ಕಷ್ಟಕಾಲಕ್ಕೆ ಬ್ಯಾಂಕಿನಲ್ಲಿ ಬೇರೆಯೇ ದುಡ್ಡು ಇಟ್ಟಿದ್ದೇವೆ ಅಂತ ಧೈರ್ಯವಾಗಿಯೇ ಹೇಳಿದೆ. ಭಾವ ಮೆಟ್ಟಿಲಿಳಿದರು ನೋಡು, ನನ್ನ ಧೈರ್ಯವೂ ಅವರ ಹಿಂದೆಯೇ ಇಳಿದುಹೋಯಿತು.

ಮಂಗಳವಾರ ಆ ಆರು ಮಹಡಿ ಕಟ್ಟಡದ ತುದಿಯ ಮೋಟಾರ್ ಕೋಣೆಯಲ್ಲಿ ಎಣ್ಣೆ ಹಾಕುತ್ತಿದ್ದವನು ತಡೆಯಲಾರದೆ, ಎಲ್ಲ ಮಾರಿಬಿಡೋಣ ಅಂತ ಫೋನ್ ತೆಗೆದೆ. ಗಾಬರಿಯಲ್ಲಿ ಒಬ್ಬರೇ ಮಾರಿಬಿಡಬಾರದು ಅಂತ ಫಂಡಿನ ಪಾಸ್‌ವರ್ಡನ್ನು ಅರ್ಧರ್ಧ ಹಂಚಿದ ಪುಣ್ಯಾತ್ಗಿತ್ತಿ ನೀನು. ನನ್ನ ಅರ್ಧ ಒತ್ತಿದೆ. ನಿನ್ನದು ಗೊತ್ತಿಲ್ಲವಲ್ಲ, ಬೆರಳು ಅಲ್ಲೇ ನಿಂತಿತು.

ಅಷ್ಟರಲ್ಲಿ ಕೆಳಗೆ ಕೂಗಾಟ. ಪಕ್ಕದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗಿದ್ದವರು ನಿವೃತ್ತ ಗಣಿತದ ಟೀಚರು. ತರಕಾರಿ ಚೀಲ ಕೆಳಗಿಟ್ಟು, ಕೊಡೆಯ ತುದಿಯಿಂದ ಬಾಗಿಲು ಮೀಟಲು ಶುರುಮಾಡಿದ್ದರು. ನಾನು ಓಡಿಬಂದು ಹೊರಗಿನಿಂದಲೇ ಕೂಗಿದೆ. ಬಾಗಿಲು ಮುಟ್ಟಬೇಡಿ ಟೀಚರೇ, ನಿಂತ ಲಿಫ್ಟು ಏನೂ ಮಾಡುವುದಿಲ್ಲ, ಗಾಬರಿಬಿದ್ದು ಬಾಗಿಲು ಕಿತ್ತು ನೆಗೆದವರೇ ಕಾಲು ಮುರಿದುಕೊಳ್ಳುವುದು, ಸುಮ್ಮನೆ ಕೂತಿರಿ ಅಂದೆ. ಅದಕ್ಕೆ ಅವರು, ಅಯ್ಯೋ ನಾನು ಕೂತೆನಪ್ಪಾ, ನಿನ್ನ ದನಿಯೇ ನಡುಗುತ್ತಿದೆ, ನೀನೂ ಒಂಚೂರು ಕೂತುಕೋ ಅನ್ನಬೇಕೇ!

ಮತ್ತೆ ಮೇಲೆ ಹತ್ತಿ, ಕರೆಂಟು ತೆಗೆದು, ಮೋಟಾರಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ಲಿಫ್ಟನ್ನು ಮೂರನೇ ಮಹಡಿಗೆ ಇಳಿಸಿ, ಕೆಳಗೋಡಿ ಬಾಗಿಲು ತೆಗೆದೆ. ಟೀಚರು ನಗುನಗುತ್ತಾ ಹೊರಬಂದು, ನನ್ನ ಕೈಗೊಂದು ಟೊಮೇಟೊ ಇಟ್ಟು ಹೋದರು. ಅದನ್ನು ಕಚ್ಚುತ್ತಾ ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಊರಿಗೆಲ್ಲ ಇದೇ ಬುದ್ಧಿ ಹೇಳಿಕೊಂಡು ತಿರುಗುವವನು, ಜೇಬಿನ ಫೋನಿನಲ್ಲಿ ನಮ್ಮದೇ ಬಾಗಿಲಿಗೆ ಕೊಡೆ ಹಾಕಿ ಮೀಟುತ್ತಿದ್ದೆನಲ್ಲ, ನಗು ಬಂತು, ನಾಚಿಕೆಯೂ ಆಯಿತು. ಫೋನ್ ತೆಗೆದು ಒತ್ತಿದ್ದನ್ನೆಲ್ಲ ಅಳಿಸಿಬಿಟ್ಟೆ.

ಈ ತಿಂಗಳ ಕಂತು ಎಂದಿನಂತೆ ಹೋಯಿತು. ಮಾರುಕಟ್ಟೆ ಇವತ್ತಿಗೂ ಕೆಳಗೇ ಇದೆ. ಇನ್ನೂ ಇಳಿಯಬಹುದು, ಕಂಡವರ್ಯಾರು? ಆಗಲೂ ನನ್ನೆದೆ ಢವಢವ ಅನ್ನುತ್ತದೆ. ಅನ್ನಲಿ ಬಿಡು. ನೀನು ಮಾತ್ರ ಕೇಕಿನ ಮೇಲೆ ಗುಲಾಬಿ ಬಿಡಿಸುವುದನ್ನು ನೆಟ್ಟಗೆ ಕಲಿತು ಬೇಗ ಬಾ, ಮನೆ ಬಿಕೋ ಅನ್ನುತ್ತಿದೆ.

ಇತಿ,
ನೀನೇ ಹೆಸರಿಟ್ಟ
ಪುಕ್ಕಲ

ತಾ.ಕ.: ನಿನ್ನ ಅರ್ಧ ಗೊತ್ತಿಲ್ಲ ಅಂತ ಮೇಲೆ ಬರೆದದ್ದು ಹಸಿ ಸುಳ್ಳು. ಒತ್ತುವಾಗ ನೀನು ಒಂದೊಂದು ಅಕ್ಷರಕ್ಕೂ ತುಟಿ ಅಲ್ಲಾಡಿಸುತ್ತೀಯ ಕಣೇ, ಮೊದಲ ವರ್ಷವೇ ಗೊತ್ತಾಗಿತ್ತು. ಮಂಗಳವಾರ ಕೊನೆಯ ಅಕ್ಷರವೊಂದು ಬಿಟ್ಟು ಎಲ್ಲವನ್ನೂ ಒತ್ತಿಯಾಗಿತ್ತು. ಬಂದ ತಕ್ಷಣ ಆ ನಿನ್ನ ಅರ್ಧವನ್ನು ಬದಲಾಯಿಸಿಬಿಡು. ಅಲ್ಲಿ ನೀನು ಇಟ್ಟಿರುವ ಪುಕ್ಕಲ ಅನ್ನುವ ಹೆಸರು ಇನ್ನು ನನಗೆ ಒಪ್ಪುವುದಿಲ್ಲ.