ಎರಡನೆಯ ಹಳದಿ ಕಾರ್ಡು

2 ನವೆಂಬರ್ 2025, ಭಾನುವಾರ, ಸಂಜೆ 6.10

…ಗಡಿ ಅಂದರೆ ಒಂದು ಕೌಂಟರ್ ಅಷ್ಟೇ ಪಪ್ಪಾ, ಅಂದಿದ್ದಳೋ, ಒಂದು ಮೇಜು ಅಂದಿದ್ದಳೋ. ಮೆಲಿಸ್ಸಾ ಹೊರಟ ದಿನ, ಏರ್‌ಪೋರ್ಟಿನ ದಾರಿಯಲ್ಲಿ. ನಾನು ಸಿಗ್ನಲ್ ನೋಡುತ್ತಿದ್ದೆ.

ಇವತ್ತು ಆ ಮೇಜಿನ ಎದುರೇ ಅವಳನ್ನು ನಿಲ್ಲಿಸಿದ್ದಾರೆ.

ಮಧ್ಯಾಹ್ನ ಆಫೀಸಿಗೆ ಫೋನ್; ಇಲ್ಲಿ ರಜೆ ಶುಕ್ರವಾರ, ಭಾನುವಾರ ಅಲ್ಲ. ನೈರೋಬಿಯಿಂದ ಬಸ್ಸಿನಲ್ಲಿ ಗಡಿಗೆ ಬಂದಿದ್ದಾಳೆ. ಕೆನ್ಯಾದವರು ಹೊರಹೋಗುವ ಸೀಲ್ ಹಾಕಿಯಾಯಿತು. ಮುಂದಿನ ಮೇಜಿನಲ್ಲಿ ತಾಂಜಾನಿಯಾದ ಆರೋಗ್ಯ ಇಲಾಖೆಯ ಹೆಂಗಸು ಯೆಲ್ಲೋ ಫೀವರ್ ಲಸಿಕೆಯ ಹಳದಿ ಕಾರ್ಡ್ ಕೇಳಿದಳು. ಉಗುರಿನಿಂದ ಗೀರಿ ನೋಡಿದಳಂತೆ. ಲ್ಯಾಮಿನೇಷನ್. ಪ್ಲಾಸ್ಟಿಕ್ಕಿನ ಒಳಗಿರುವ ಸೀಲು ಅಸಲಿಯೋ ನಕಲಿಯೋ ಹೇಗೆ ಹೇಳಲಿ, ಇದು ನಡೆಯುವುದಿಲ್ಲ, ಅಂದಳಂತೆ.

“ಶಿ ವಾಸ್ ವೆರಿ ಪೊಲೈಟ್, ಪಪ್ಪಾ.”

ಅದಕ್ಕೇ ಇನ್ನಷ್ಟು ಸಿಟ್ಟು. ಒರಟು ಹೆಂಗಸಾಗಿದ್ದರೆ ಬೈಯಬಹುದಿತ್ತು.

ಬಸ್ಸು ಇಪ್ಪತ್ತು ನಿಮಿಷ ಕಾದು, ಅವಳ ಚೀಲ ಇಳಿಸಿ ಹೋಯಿತು. ಕೆನ್ಯಾದವರು ಸೀಲ್ ಕ್ಯಾನ್ಸಲ್ ಮಾಡಿ ವಾಪಸ್ ಕರೆದುಕೊಂಡರು. ಈಗ ಗಡಿಯ ಊರಿನ ಒಂದು ಲಾಡ್ಜಿನಲ್ಲಿ.

ಯಾರು ಹೋಗು ಅಂದಿದ್ದರು? ಇಪ್ಪತ್ತಾರು ವರ್ಷ. ಇಲ್ಲೇ ಮಸ್ಕತ್ತಿನಲ್ಲಿ ಒಳ್ಳೆಯ ಕೆಲಸ, ಬಿಟ್ಟಳು. ನೈರೋಬಿಯಿಂದ ಕೇಪ್‌ಟೌನಿಗೆ ಬಸ್ಸಿನಲ್ಲಿ. ಒಬ್ಬಳೇ. ವಿಮಾನ ಉಂಟಲ್ಲ ಅಂದೆ. ವಿಮಾನದಲ್ಲಿ ಹೋದರೆ ನಡುವಿನದು ಕಾಣುವುದಿಲ್ಲವಂತೆ. ಕಂಡಿತಲ್ಲ ಈಗ, ನಡುವಿನದು.

ನಾನು ಭೂಮಾರ್ಗದಲ್ಲಿ ದಾಟಿದ ಗಡಿ ಒಂದೇ. ಸೋಹಾರ್ ಆಚೆ, ದುಬೈಗೆ. ಕಾರಿನ ಗಾಜು ಇಳಿಸಿ ಮೂರು ಪಾಸ್‌ಪೋರ್ಟ್ ಹೊರಗೆ ಚಾಚುವುದು. ಒಮ್ಮೆಯೂ ಕೆಳಗಿಳಿದವನಲ್ಲ. ಹಿಂದಿನ ಸೀಟಿನಲ್ಲಿ ಅವಳು ನಿದ್ದೆ ಮಾಡುತ್ತಿದ್ದಳು. ಗಡಿ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ಹಾಗಿರಬೇಕು ಗಡಿ.

3 ನವೆಂಬರ್, ಸೋಮವಾರ

ಲ್ಯಾಮಿನೇಷನ್ ಮಾಡಿಸಿದವನು ನಾನು. ನಿನ್ನೆ ಅದನ್ನು ಬರೆಯಲಿಲ್ಲ.

ಆಫೀಸು ಬಿಟ್ಟು ಅಲ್ ಖೌದ್‌ಗೆ ಹೋದೆ. ಫಾರೂಕ್‌ನ ಜೆರಾಕ್ಸ್ ಅಂಗಡಿ, ಯೂನಿವರ್ಸಿಟಿ ಹತ್ತಿರ. ಬಂಟ್ವಾಳದವನು. ನಮ್ಮ ಮನೆಯ ಸಕಲ ಕಾಗದಗಳೂ ಅವನ ಮೆಷಿನ್ ಹೊಕ್ಕು ಬಂದವು.

“ನಾನು ಆವತ್ತೇ ಹೇಳಿದ್ದೆ ಪೊರ್ಬುಗಳೇ. ಸೀಲ್ ಇರುವ ಕಾಗದ, ಇದಕ್ಕೆ ಬೇಡ ಅಂತ. ನೀವು ಎಂತ ಹೇಳಿದ್ದು? ಆಫ್ರಿಕಾದಲ್ಲಿ ಮಳೆ, ಒದ್ದೆಯಾಗ್ತದೆ, ಹಾಕು ಮಾರಾಯ ಅಂತ. ನಿಮ್ಮ ಮನೆಯಲ್ಲಿ ಲ್ಯಾಮಿನೇಷನ್ ಆಗದೆ ಉಳಿದದ್ದು ಜೊವಿಟಕ್ಕ ಒಬ್ಬರೇ.”

“ಬಿಡಿಸ್ಲಿಕ್ಕೆ ಆಗ್ತದಾ ಅದನ್ನು?”

“ಬಾಳೆಹಣ್ಣಿನ ಸಿಪ್ಪೆಯಾ ಅದು? ಕಾಗದವೂ ಒಟ್ಟಿಗೆ ಎದ್ದು ಬರ್ತದೆ. ಅದು ಖಲಾಸ್. ಕ್ಲಿನಿಕ್‌ಗೆ ಹೋಗಿ ಹೊಸತು ಮಾಡಿಸಿ ಕಳಿಸಿ.”

ಚಹಾ ತರಿಸಿದ. ಕುಡಿಯದೆ ಎದ್ದು ಬಂದೆ.

1996ರಲ್ಲಿ ನನ್ನ ಬಿ.ಕಾಂ. ಸರ್ಟಿಫಿಕೇಟು ಅಟೆಸ್ಟೇಷನ್‌ಗೆ ಹೋಗಿ ಹೀಗೇ ವಾಪಸ್ ಬಂದಿತ್ತು. ಇದೇ ಕಾರಣಕ್ಕೆ. ಗೊತ್ತಿತ್ತು ನನಗೆ. ಮರೆತಿದ್ದೆ.

ಮರೆತಿದ್ದೆನೇ?

4 ನವೆಂಬರ್, ಮಂಗಳವಾರ, ಸಂಜೆ

ಮಧ್ಯಾಹ್ನ ಕ್ಲಿನಿಕ್. ಇಲ್ಲೇ ಗುಬ್ರಾದಲ್ಲಿ. ಕೌಂಟರಿನಲ್ಲಿ ರೆನಿಟಾ. ಇಗರ್ಜಿಯ ಕ್ವಾಯರ್‌ನಲ್ಲಿ ಹಾಡುವ ಹುಡುಗಿ, ಉಡುಪಿ ಕಡೆಯವಳು. ಹಳೆಯ ರಿಜಿಸ್ಟರ್ ತೆಗೆದಳು. ಡಾಕ್ಟರ ಸಹಿ, ಹೊಸ ಸೀಲ್. ಇಪ್ಪತ್ತು ನಿಮಿಷ.

“ಅಂಕಲ್, ಇದಕ್ಕಾದ್ರೂ ಪ್ಲಾಸ್ಟಿಕ್ ಹಾಕ್ಬೇಡಿ.” ನಕ್ಕಳು. ನಾನೂ ನಕ್ಕೆ.

ಕೊರಿಯರ್ ಆಫೀಸು ಎದುರು ಸಾಲಿನಲ್ಲೇ ಇದೆ. ನೈರೋಬಿಗೆ ಮೂರು ದಿನ, ಅಲ್ಲಿಂದ ಬಸ್ಸಿನಲ್ಲಿ ಹಾಕಿಸಬಹುದು. ಪಾರ್ಕಿಂಗ್ ಸಿಗಲಿಲ್ಲ. ಒಂದು ಸುತ್ತು ಹಾಕಿದೆ. ಎರಡನೆಯ ಸುತ್ತಿನಲ್ಲಿ ಸಿಕ್ಕಿತು. ನಿಲ್ಲಿಸಲಿಲ್ಲ.

ಕಾರ್ಡು ಆಫೀಸಿನ ಡ್ರಾಯರಿನಲ್ಲಿದೆ.

ಮನೆಗೆ ಬಂದಾಗ ಜೊವಿಟಾ ಬಾಗಿಲಲ್ಲೇ ನಿಂತಿದ್ದಳು.

“ಎಂತ ಹೇಳಿದ್ರು?”

“ಹತ್ತು ದಿನ ಆಗ್ತದಂತೆ.”

ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂತು.

“ಒಂದು ಕಾಗದಕ್ಕೆ ಹತ್ತು ದಿನವಾ? ಅವರಿಗೆಲ್ಲ ಮಕ್ಕಳಿಲ್ವಾ?” ಪಾತ್ರೆ ತೊಳೆಯುತ್ತಲೇ ಕ್ಲಿನಿಕ್‌ನವರಿಗೆ ಬೈದಳು. ನಾನೂ ಸೇರಿ ಬೈದೆ. ನಿಜವಾದ ಸಿಟ್ಟಿನಿಂದಲೇ ಬೈದೆ.

5 ನವೆಂಬರ್, ಬುಧವಾರ, ಬೆಳಿಗ್ಗೆ 5.45

ಗಡಿಯ ಊರಿನ ಲಾಡ್ಜಿನಲ್ಲಿ ಹತ್ತು ದಿನ ಯಾರೂ ಕೂರುವುದಿಲ್ಲ. ಮೂರನೆಯ ದಿನ ಬೇಸರ. ನಾಲ್ಕನೆಯ ದಿನ ಹೊಟ್ಟೆ ಕೆಡುತ್ತದೆ. ವಾಪಸ್ ಬರುತ್ತಾಳೆ. ನೈರೋಬಿಯಿಂದ ಮಸ್ಕತ್ತಿಗೆ ಶುಕ್ರವಾರ ಸೀಟಿದೆ. ನೋಡಿಟ್ಟಿದ್ದೇನೆ.

ಇದು ಸುಳ್ಳಲ್ಲ. ತಡ, ಅಷ್ಟೇ.

ಅದೇ ದಿನ, ಮಧ್ಯಾಹ್ನ 1.20

ಅವಳೇ ಫೋನ್ ಮಾಡಿದಳು. ನನ್ನೊಡನೆ ಯಾವಾಗಲೂ ಇಂಗ್ಲಿಷ್. ಇವತ್ತು ಮನೆಮಾತಿನಲ್ಲಿ ಕೇಳಿದಳು, ಮೆಲ್ಲಗೆ.

“ಕ್ಲಿನಿಕ್‌ನಲ್ಲಿ ಎಂತ ಹೇಳಿದ್ರು ಪಪ್ಪಾ?”

“ಹತ್ತು ದಿನ.”

ಆ ಕಡೆ ಯಾರೋ ಕೋಳಿ ಅಟ್ಟುತ್ತಿದ್ದ ಸದ್ದು.

“ಹತ್ತು ದಿನವೇ ಹೇಳಿದ್ದಾ? ಶುವರ್?”

“ಹೌದು ಅಂದ್ನಲ್ಲ.”

“ಓಕೆ ಪಪ್ಪಾ. ಟೆನ್ ಡೇಸ್.”

ಬಂದುಬಿಡು, ಟಿಕೆಟ್ ನಾನು ಮಾಡುತ್ತೇನೆ ಅಂದೆ. ಲೈನ್ ಕಟ್ಟಾಗಿತ್ತು. ಅವಳು ಇಟ್ಟದ್ದೋ, ನೆಟ್‌ವರ್ಕ್ ಹೋದದ್ದೋ…

6 ನವೆಂಬರ್, ಗುರುವಾರ

ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ. ಅವಳ ತೋಳು, ಅದರ ಮೇಲೆ ಹತ್ತಿ. ನಿನ್ನೆ ಸಂಜೆ ಅಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಚುಚ್ಚಿಸಿಕೊಂಡಿದ್ದಾಳೆ. ಹೊಸ ಕಾರ್ಡ್ ಕೊಟ್ಟಿದ್ದಾರೆ. ಹತ್ತು ದಿನ ಕಳೆದ ಮೇಲೆ ಚಾಲ್ತಿ. ಹದಿನೈದಕ್ಕೆ ದಾಟುತ್ತಾಳಂತೆ. ಪಪ್ಪಾ ಇನ್ನು ಕ್ಲಿನಿಕ್ ಹಿಂದೆ ಓಡುವುದು ಬೇಡವಂತೆ.

ಒಂದೇ ಮದ್ದು ಎರಡು ಸಲ. ಹುಚ್ಚು. ಜೊವಿಟಾ ಯಾರೋ ಡಾಕ್ಟರಿಗೆ ಫೋನ್ ಮಾಡಿ ಏನೂ ತೊಂದರೆ ಇಲ್ಲವೆಂದು ಖಚಿತ ಮಾಡಿಕೊಂಡಳು. ನನಗೆ ಅದೂ ಸಿಟ್ಟು.

ಹತ್ತು ದಿನ ಅವಳಿಂದಾಗದು ಎಂದುಕೊಂಡಿದ್ದೆ. ಅದೇ ಹತ್ತು ದಿನವನ್ನು ಎತ್ತಿ ನನ್ನ ಮುಂದೆ ಇಟ್ಟಿದ್ದಾಳೆ.

7 ನವೆಂಬರ್, ಶುಕ್ರವಾರ

ಇಗರ್ಜಿಗೆ, ವಾರದ ಪೂಜೆಗೆ ಹೋಗಲಿಲ್ಲ. ತಲೆನೋವು ಅಂದೆ.

11 ನವೆಂಬರ್, ಮಂಗಳವಾರ

ಡ್ರಾಯಿಂಗ್ ಮೂರು ದಿನ ತಡವಾಗಿ ತಂದ ಸಬ್‌ಕಾಂಟ್ರಾಕ್ಟರ್ ಎಂಜಿನಿಯರಿಗೆ ಬೈದೆ. ಇಡೀ ಆಫೀಸಿಗೆ ಕೇಳಿಸುವಷ್ಟು. ನಾನು ಡಾಕ್ಯುಮೆಂಟ್ ಕಂಟ್ರೋಲರ್. ಬಂದ ಕಾಗದಕ್ಕೆ ಸೀಲ್, ನಂಬರ್. ಹೋಗುವ ಕಾಗದಕ್ಕೆ ಸೀಲ್, ನಂಬರ್. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಹಾಳೆಯನ್ನೂ ನನ್ನ ಮೇಜಿನಲ್ಲಿ ಕೂರಿಸಿಕೊಂಡವನಲ್ಲ, ಅಂದೆ. ಅವನು ತಲೆ ತಗ್ಗಿಸಿ ನಿಂತಿದ್ದ. ನನ್ನ ಮೊಣಕಾಲು ಡ್ರಾಯರಿಗೆ ತಾಗುತ್ತಿತ್ತು.

ಮೆಲಿ ದಿನಾ ಅಮ್ಮನಿಗೆ ಫೋನ್ ಮಾಡುತ್ತಾಳೆ. ಲಾಡ್ಜಿನವಳ ಅಡುಗೆಮನೆಯಲ್ಲಿ ಹಿಟ್ಟು ತಿರುವುತ್ತಾಳಂತೆ. ಲಾರಿ ಡ್ರೈವರುಗಳೆಲ್ಲ ಹೆಸರು ಹಿಡಿದು ಕರೆಯುತ್ತಾರಂತೆ. ಜೊವಿಟಾ ನಗುತ್ತಾ ಹೇಳುತ್ತಾಳೆ. ಕೊನೆಗೆ, “ನಿಮ್ಮನ್ನು ಕೇಳಿದ್ಲು.” ಅಷ್ಟೇ.

14 ನವೆಂಬರ್, ಶುಕ್ರವಾರ

ಮತ್ತೆ ತಲೆನೋವು.

15 ನವೆಂಬರ್, ಶನಿವಾರ, ಮಧ್ಯಾಹ್ನ 12.40

ದಾಟಿದಳು.

ಅದೇ ಹೆಂಗಸು, ಅದೇ ಮೇಜು. ಹೊಸ ಕಾರ್ಡಿನ ಸೀಲನ್ನು ಬೆರಳಿನಿಂದ ಮುಟ್ಟಿ ನೋಡಿ ನಕ್ಕಳಂತೆ. ಆ ಪ್ಲಾಸ್ಟಿಕ್ಕಿನದು ಎಲ್ಲಿ, ಎಸೆದೆಯಾ, ಎಂದು ಕೇಳಿದಳಂತೆ. ಇಲ್ಲ, ಅಪ್ಪ ಮಾಡಿಸಿಕೊಟ್ಟದ್ದು, ಪರ್ಸಿನಲ್ಲಿದೆ ಅಂದಳಂತೆ ಮೆಲಿ.

ಜೊವಿಟಾ ಅಲ್ತಾರಿನ ಮುಂದೆ ಮೇಣದಬತ್ತಿ ಹಚ್ಚಿ ಅತ್ತಳು. ನಾನು ಗ್ರೂಪಿನಲ್ಲಿ ‘ಗುಡ್’ ಎಂದು ಟೈಪ್ ಮಾಡಿದೆ.

16 ನವೆಂಬರ್, ಭಾನುವಾರ

ಕಾರ್ಡು ಹಿಡಿದುಕೊಂಡು ಶ್ರೆಡರ್ ತನಕ ಹೋದೆ. ವಾಪಸ್ ತಂದು ಡ್ರಾಯರಿಗೇ ಹಾಕಿದೆ. ಯಾರ ಮೇಲೆ ಸಿಟ್ಟು ಎಂದು ಈಗ ನನಗೇ ಸರಿಯಾಗಿ ತಿಳಿಯುತ್ತಿಲ್ಲ. ಸಿಟ್ಟು ಮಾತ್ರ ಇದೆ.

21 ನವೆಂಬರ್, ಶುಕ್ರವಾರ, ಬೆಳಿಗ್ಗೆ 11.30

“ಎರಡು ಶುಕ್ರವಾರ ತಲೆನೋವು. ಇವತ್ತು ಎಂತದು, ಹೊಟ್ಟೆನೋವಾ?” ಅಂದಳು ಜೊವಿಟಾ. ಹೋದೆ.

ಪೂಜೆ ಮುಗಿದು ಪಾರ್ಕಿಂಗ್‌ಗೆ ಬರುವಾಗ ಹಿಂದಿನಿಂದ ರೆನಿಟಾ. ಜೊವಿಟಾ ಮುಂದೆ ಹೋಗಿ ಕಾರಿನಲ್ಲಿ ಕುಳಿತಾಗಿತ್ತು.

“ಅಂಕಲ್, ಮೆಲಿಗೆ ಕಾರ್ಡ್ ಮುಟ್ಟಿತಲ್ಲ? ಅವಳು ಅದೇ ದಿನ ಸಂಜೆ ಕ್ಲಿನಿಕ್‌ಗೆ ಫೋನ್ ಮಾಡಿದ್ಲು. ಪಪ್ಪಾ ಮಧ್ಯಾಹ್ನವೇ ಬಂದು ತಗೊಂಡು ಹೋಗಿ ಆಯ್ತು ಅಂದೆ. ಎಷ್ಟು ಖುಷಿಪಟ್ಲು ಗೊತ್ತುಂಟಾ.”

ಮುಟ್ಟಿತು ಅಂದೆ.

ಅದೇ ದಿನ ಎಂದರೆ ನಾಲ್ಕನೇ ತಾರೀಕು. ಮೆಲಿ ನನ್ನನ್ನು ಕೇಳಿದ್ದು ಐದಕ್ಕೆ. ಎರಡು ಸಲ ಕೇಳಿದ್ದಳು.

ಕಾರಿನಲ್ಲಿ ಜೊವಿಟಾ, “ಆ ರೆನಿಟಾ ಎಂತ ಹಲ್ಲು ಕಿರಿಯುವುದು? ಮಗುವನ್ನು ಹತ್ತು ದಿನ ಗಡಿಯಲ್ಲಿ ಕೂರಿಸಿದವರು,” ಅಂದಳು. ಮನೆ ಮುಟ್ಟುವ ತನಕ ಕ್ಲಿನಿಕ್‌ನವರನ್ನು ಬಿಡಲಿಲ್ಲ. ಈ ಸಲ ನಾನು ಸೇರಿ ಬೈಯಲಿಲ್ಲ, ಸಿಗ್ನಲ್ ನೋಡುತ್ತಿದ್ದೆ.

ಅಂದರೆ ಜೊವಿಟಾಗೆ ಇನ್ನೂ ಗೊತ್ತಿಲ್ಲ. ದಿನಾ ಫೋನು, ಗಂಟೆಗಟ್ಟಲೆ ಮಾತು, ಕೋಳಿಯ ಸುದ್ದಿ, ಲಾರಿಯ ಸುದ್ದಿ…

ಮೆಲಿ, ಮಮ್ಮಾಗೆ ಯಾಕೆ ಹೇಳಲಿಲ್ಲ?